ಎರಡು ಬೆಥನಿಗಳ ಚರಿತ್ರೆ

ಪುತ್ತೂರು, ಸುಳ್ಯ, ಕಡಬ ಸೀಮೆಯ ಕ್ರೈಸ್ತ ಕುಟುಂಬಗಳಿಗೆ ‘ಬೆಥನಿ’ ಎಂಬ ಹೆಸರು ಹೊಸದಲ್ಲ. ಪುತ್ತೂರಿನ ದರ್ಬೆಯಲ್ಲಿ ಲಿಟ್ಲ್ ಫ್ಲವರ್ ಶಾಲೆಯನ್ನು ನಡೆಸುವವರು ಬೆಥನಿ ಧರ್ಮಭಗಿನಿಯರು. ನೆಲ್ಯಾಡಿ, ನೂಜಿಬಾಳ್ತಿಲಗಳ ಶಾಲೆಗಳ ನಾಮಫಲಕದಲ್ಲಿಯೂ ಬೆಥನಿಯೇ ಇದೆ. ಇವೆಲ್ಲ ಒಂದೇ ಸಂಸ್ಥೆಯ ಕೊಂಬೆಗಳೆಂದು ತಿಳಿದವರು ನಮ್ಮಲ್ಲಿ ಅನೇಕರಿದ್ದಾರೆ. ವಾಸ್ತವದಲ್ಲಿ ಈ ಹೆಸರು ನಮ್ಮ ನಾಡಿಗೆ ಎರಡು ದಾರಿಗಳಿಂದ ಬಂದಿತು. ಒಂದು ಮಂಗಳೂರಿನಿಂದ, ಮತ್ತೊಂದು ತಿರುವಾಂಕೂರಿನಿಂದ. ಒಂದು ಲ್ಯಾಟಿನ್ ವಿಧಿಯದು, ಇನ್ನೊಂದು ಸಿರೋ-ಮಲಂಕರ ವಿಧಿಯದು. ಒಬ್ಬರನ್ನೊಬ್ಬರು ನೋಡಿ ಆರಿಸಿಕೊಂಡ ಹೆಸರು ಇದಲ್ಲ. ಇಬ್ಬರೂ ಶುಭಸಂದೇಶದಿಂದ ಪಡೆದುಕೊಂಡದ್ದು.

ಜೆರುಸಲೇಮಿಗೆ ಸುಮಾರು ಮೂರು ಕಿಲೋಮೀಟರ್ ದೂರದಲ್ಲಿ, ಓಲಿವ್ ಗುಡ್ಡದ ಮೂಡಣ ಇಳಿಜಾರಿನಲ್ಲಿದ್ದ ಸಣ್ಣ ಹಳ್ಳಿ ಬೆಥಾನಿಯ. ಮಾರ್ತಾ, ಮರಿಯ ಮತ್ತು ಲಾಜರರ ಊರು ಅದು. ‘ಬಡವರ ಮನೆ’, ‘ನೊಂದವರ ಮನೆ’ ಎಂದು ಆ ಹೆಸರಿಗೆ ಅರ್ಥ ಹೇಳುವ ವಾಡಿಕೆ ಪ್ರಾಚೀನ ಕಾಲದಿಂದಲೂ ಇದೆ. ಪ್ರಭು ಯೇಸು ಅಲ್ಲಿ ಕುಷ್ಠರೋಗಿಯೆಂದು ಹೆಸರಾಗಿದ್ದ ಸಿಮೋನನ ಮನೆಯಲ್ಲಿ ಊಟಕ್ಕೆ ಕುಳಿತರೆಂದು ಸಂತ ಮಾರ್ಕರು ಬರೆಯುತ್ತಾರೆ. ಬಡವರು ಯಾವಾಗಲೂ ನಮ್ಮೊಡನೆ ಇರುತ್ತಾರೆಂಬ ಪ್ರಭುವಿನ ಮಾತು ಹೊರಟದ್ದು ಆ ಊಟದ ಪಂಕ್ತಿಯಿಂದಲೇ. ಬಡತನ ತಪ್ಪದ್ದು, ಏನು ಮಾಡಲಾದೀತು ಎಂಬ ಸಮಾಧಾನಕ್ಕೆ ಆ ಮಾತನ್ನು ಬಳಸುವವರುಂಟು. ಆದರೆ ಅದರ ಮೂಲ ಧರ್ಮೋಪದೇಶಕಾಂಡದ ಹದಿನೈದನೆಯ ಅಧ್ಯಾಯದಲ್ಲಿದೆ. ಬಡವರು ನಾಡಿನಲ್ಲಿ ಇದ್ದೇ ಇರುವುದರಿಂದ ಕೈಬಿಚ್ಚಿ ಕೊಡಬೇಕೆಂಬುದು ಅಲ್ಲಿಯ ಆಜ್ಞೆ. ಬೆಥನಿ ಎಂಬ ಹೆಸರನ್ನು ಇಟ್ಟುಕೊಂಡವರು ಈ ಆಜ್ಞೆಯನ್ನೂ ಹೆಸರಿನೊಡನೆ ಹೊತ್ತುಕೊಂಡರು.

ಮೊದಲು ಮಂಗಳೂರಿನ ಬೆಥನಿ. 1921ರ ಜುಲೈ 16ರಂದು, ಕಾರ್ಮೆಲ್ ಮಾತೆಯ ಹಬ್ಬದ ದಿನ, ಬೆಂದೂರಿನ ಧರ್ಮಗುರು ರೇಮಂಡ್ ಮಸ್ಕರೇನ್ಹಸರು ನಾಲ್ವರು ಯುವತಿಯರೊಡನೆ ಬೆಥನಿ ಸಭೆಯನ್ನು ಸ್ಥಾಪಿಸಿದರು. ಅದೇ ವರ್ಷ ಅದೇ ಪರಿಸರದಲ್ಲಿ ಅಪೊಸ್ತಲಿಕ ಕಾರ್ಮೆಲ್ ಭಗಿನಿಯರು ಸಂತ ಆಗ್ನೆಸ್ ಕಾಲೇಜನ್ನು ತೆರೆದರು. ನಗರದ ಹೆಣ್ಣುಮಕ್ಕಳಿಗೆ ಉನ್ನತ ಶಿಕ್ಷಣದ ಬಾಗಿಲು ತೆರೆದ ಆ ಕಾಲದಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗೆ ಅಕ್ಷರವೇ ದೂರವಾಗಿತ್ತು. ಅವರ ಬಳಿಗೆ ಹೋಗಿ, ಅವರಿಗೆ ತಿಳಿಯುವ ನಾಡಭಾಷೆಯಲ್ಲಿ ಕಲಿಸುವ ಭಗಿನಿಯರು ಬೇಕೆಂಬುದು ಮಸ್ಕರೇನ್ಹಸರ ಹಂಬಲ. ಪುತ್ತೂರಿನ ದರ್ಬೆಯ ಕನ್ನಡ ಶಾಲೆ ಆ ಹಂಬಲದ ಮುಂದುವರಿಕೆ.

ಎರಡನೆಯ ಬೆಥನಿ ಇದಕ್ಕಿಂತ ಎರಡು ವರ್ಷ ಹಿರಿಯದು. ಮಾವೇಲಿಕ್ಕರದಲ್ಲಿ 1882ರಲ್ಲಿ ಜನಿಸಿದ ಗೀವರ್ಗೀಸ್ ಪಣಿಕ್ಕರ್ ಎಂಬ ಧರ್ಮಗುರು ಬಂಗಾಳದ ಸೆರಾಂಪುರ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದರು. ಆ ಹುದ್ದೆಯನ್ನು ತೊರೆದು 1919ರ ಆಗಸ್ಟ್ 15ರಂದು ರಾನ್ನಿ-ಪೆರುನಾಡಿನ ಮುಂಡನ್ಮಲೆಯ ಕಾಡಿನಲ್ಲಿ ಬೆಥನಿ ಆಶ್ರಮವನ್ನು ಆರಂಭಿಸಿದರು. ಭಾರತೀಯ ಸನ್ಯಾಸ ಪರಂಪರೆಯ ಸರಳ ಬಾಳು, ಪ್ರಾರ್ಥನೆ ಮತ್ತು ಜನಸೇವೆ ಒಂದಾಗಬೇಕೆಂಬುದು ಅವರ ಆಶಯವಾಗಿತ್ತು. 1925ರಲ್ಲಿ ಸ್ತ್ರೀಯರ ಬೆಥನಿ ಮಠವೂ ಹುಟ್ಟಿಕೊಂಡಿತು. ಮುಂದೆ ಮಾರ್ ಇವಾನಿಯೋಸ್ ಎಂದು ಪ್ರಸಿದ್ಧರಾದವರು ಇವರೇ. 1930ರ ಸೆಪ್ಟೆಂಬರ್ 20ರಂದು ಅವರು ಸಂಗಡಿಗರೊಡನೆ ಕಥೋಲಿಕ ಸಭೆಯೊಡನೆ ಐಕ್ಯವಾದಾಗ ಸಿರೋ-ಮಲಂಕರ ಕಥೋಲಿಕ ಸಭೆ ರೂಪುಗೊಂಡಿತು.

ತಿರುವಾಂಕೂರಿನ ಈ ಆಶ್ರಮ ಕುಮಾರಧಾರೆಯ ಸೀಮೆಗೆ ಬಂದದ್ದು ವಲಸೆಗಾರರ ಬೆನ್ನಹಿಂದೆ. ಎರಡನೆಯ ಮಹಾಯುದ್ಧದ ಕಾಲದ ಆಹಾರದ ಅಭಾವ, ಜನಸಂಖ್ಯೆಯ ಒತ್ತಡ, ಭೂಮಿಯ ಕೊರತೆಗಳಿಂದ ಬೇಸತ್ತ ತಿರುವಾಂಕೂರಿನ ಕ್ರೈಸ್ತ ರೈತರು ಮಲಬಾರಿಗೂ, ಅಲ್ಲಿಂದಾಚೆ ದಕ್ಷಿಣ ಕನ್ನಡಕ್ಕೂ ಬಂದರು. ಕಡಬ, ನೆಲ್ಯಾಡಿ, ಇಚ್ಲಂಪಾಡಿ, ನೂಜಿಬಾಳ್ತಿಲಗಳಲ್ಲಿ ನೆಲೆಸಿ ಮರಗೆಣಸು, ಕರಿಮೆಣಸು, ರಬ್ಬರು ಬೆಳೆದರು. ಮಲೇರಿಯಾ ಇತ್ತು, ರಸ್ತೆಯಿರಲಿಲ್ಲ, ಸೇತುವೆಯಿರಲಿಲ್ಲ. ತುಳು ಬಾರದು, ಕನ್ನಡ ಓದಲು ಬಾರದು. ಅಂದರೆ ಇಂದು ಸ್ಥಿತಿವಂತರಾಗಿ ಕಾಣುವ ಅನೇಕ ಕುಟುಂಬಗಳ ಅಜ್ಜ ಅಜ್ಜಿಯರು ಅಂದು ಪರನಾಡಿನಲ್ಲಿ ನೆರವು ಬೇಡುವ ಅಪರಿಚಿತರಾಗಿದ್ದರು. ಈ ನೆಲದ ಜನರು ಅವರಿಗೆ ನೆರೆಹೊರೆಯಲ್ಲಿ ಎಡೆಗೊಟ್ಟರು. ನಮ್ಮ ಸೀಮೆಯ ಕ್ರೈಸ್ತ ಸೇವೆಯ ಚರಿತ್ರೆಯನ್ನು ಬರೆಯುವಾಗ ನಾವು ಕೊಟ್ಟದ್ದರ ಪಟ್ಟಿಗಿಂತ ಮೊದಲು ಪಡೆದದ್ದರ ಈ ಪುಟ ಬರಬೇಕು. ಬೆಥನಿ ಆಶ್ರಮದ ಧರ್ಮಗುರುಗಳು ನೂಜಿಬಾಳ್ತಿಲ, ನೆಲ್ಯಾಡಿಗಳಲ್ಲಿ ಶಾಲೆ ತೆರೆದಾಗ ವಲಸೆಗಾರರ ಮಕ್ಕಳೂ ಊರಿನ ಮಕ್ಕಳೂ ಜೊತೆಯಾಗಿ ಕುಳಿತು ಕಲಿತರು. ಪಡೆದ ಋಣವನ್ನು ತೀರಿಸುವ ಒಂದು ಬಗೆ ಅದಾಗಿತ್ತು.

ಇದೇ ಕಾಲದಲ್ಲಿ ಪುತ್ತೂರಿನಲ್ಲಿಯೂ ಅಂತಹುದೇ ಕಾರ್ಯ ನಡೆಯಿತು. 1830ರಲ್ಲಿ ಸ್ಥಾಪನೆಯಾದ ಮಾಯಿ ದೆ ದೇವುಸ್ ಧರ್ಮಕೇಂದ್ರದ ಮೊನ್ಸಿಂಜೊರ್ ಆಂಟನಿ ಪತ್ರಾವೊ ಅವರು 1958ರಲ್ಲಿ ಸಂತ ಫಿಲೋಮಿನಾ ಕಾಲೇಜನ್ನು ಆರಂಭಿಸಿದರು. ಮಂಗಳೂರಿನಲ್ಲಿ ಮಕ್ಕಳನ್ನು ಇರಿಸಿ ಓದಿಸುವ ಶಕ್ತಿಯಿಲ್ಲದ ಕೃಷಿಕರಿಗೆ ಐವತ್ತು ಕಿಲೋಮೀಟರ್ ದೂರವೇ ಒಂದು ಗೋಡೆಯಾಗಿತ್ತು. ಆ ಗೋಡೆಯನ್ನು ಅವರು ಜಾತಿ ಮತಗಳ ಭೇದವಿಲ್ಲದೆ ಎಲ್ಲರಿಗಾಗಿ ಕೆಡವಿದರು. ಮುಂದೆ 1999ರಲ್ಲಿ ಬೆಳ್ತಂಗಡಿ ಸಿರೋ-ಮಲಬಾರ್ ಧರ್ಮಪ್ರಾಂತ್ಯವೂ, 2010ರ ಜನವರಿ 25ರಂದು ಪುತ್ತೂರು ಸಿರೋ-ಮಲಂಕರ ಧರ್ಮಪ್ರಾಂತ್ಯವೂ ಸ್ಥಾಪನೆಯಾದವು. ಕಾಡಿನ ನಡುವೆ ಬಲಿಪೂಜೆಗಾಗಿ ಕಾಯುತ್ತಿದ್ದ ಸಮುದಾಯಕ್ಕೆ ಧರ್ಮಾಧ್ಯಕ್ಷರೂ, ದೇವಾಲಯಗಳೂ, ಶಾಲೆಗಳೂ ದೊರೆತವು. ಇದು ಸಂತೋಷದ ಸಂಗತಿ.

ಆದರೆ ಚರಿತ್ರೆ ಇಲ್ಲಿಗೆ ಮುಗಿಯುವುದಿಲ್ಲ. ವಲಸೆಗಾರರ ಬಳಿಕ ಇದೇ ಸೀಮೆಗೆ ಮತ್ತೊಂದು ಜನ ಬಂದಿತು. 1964ರ ಅಕ್ಟೋಬರ್ 30ರ ಶಾಸ್ತ್ರಿ-ಸಿರಿಮಾವೋ ಒಪ್ಪಂದದಂತೆ ಶ್ರೀಲಂಕಾದ ಚಹಾ ತೋಟಗಳಲ್ಲಿ ತಲೆಮಾರುಗಳ ಕಾಲ ದುಡಿದ 5,25,000 ತಮಿಳರನ್ನು ಸ್ವೀಕರಿಸಲು ಭಾರತ ಒಪ್ಪಿತು. ಅವರಲ್ಲಿ ಒಂದು ಭಾಗ ಸುಳ್ಯ, ಪುತ್ತೂರು, ಕಡಬ ಸೀಮೆಯ ಸರ್ಕಾರಿ ರಬ್ಬರು ತೋಟಗಳಿಗೆ ಬಂದು ಸೇರಿತು. ನಮ್ಮ ಹಿರಿಯರು ಸ್ವಂತ ಇಚ್ಛೆಯಿಂದ, ಭೂಮಿ ಕೊಳ್ಳಲು ಬಂದವರು; ಇವರು ಎರಡು ಸರ್ಕಾರಗಳ ಲೆಕ್ಕಾಚಾರದಲ್ಲಿ ಬಂದವರು. ತೋಟದ ವಸತಿಯೇ ಇವರ ಮನೆಯಾಯಿತು. ಮಕ್ಕಳ ಜಾತಿ ಪ್ರಮಾಣಪತ್ರಕ್ಕಾಗಿಯೂ ಇವರು ಬಹುಕಾಲ ಅಲೆಯಬೇಕಾಯಿತು.

ಇನ್ನೊಂದು ನೋವು ಆಕಾಶದಿಂದ ಬಿದ್ದಿತು. 1980ರ ದಶಕದಿಂದ 2000ದವರೆಗೆ ಸರ್ಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ಗಳಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಬೆಳ್ತಂಗಡಿಯ ಕೊಕ್ಕಡದಿಂದ ಕಡಬ, ಪುತ್ತೂರು, ಸುಳ್ಯಗಳವರೆಗೆ ಅನೇಕ ಮನೆಗಳಲ್ಲಿ ಅಂಗವೈಕಲ್ಯ, ಬುದ್ಧಿಮಾಂದ್ಯತೆಗಳಿಂದ ನರಳುವ ಮಕ್ಕಳಿರುವುದು ಬೆಳಕಿಗೆ ಬಂದಿತು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ಆ ವಿಷವನ್ನು ದೇಶದಾದ್ಯಂತ ನಿಷೇಧಿಸಿತು. ಕೊಕ್ಕಡ, ಕೊಯಿಲಗಳಲ್ಲಿ ಪಾಲನಾ ಕೇಂದ್ರಗಳು ತೆರೆದವು. ಅಂದಿನ ಮಕ್ಕಳು ಇಂದು ಪ್ರಾಯಕ್ಕೆ ಬಂದಿದ್ದಾರೆ. ಅವರನ್ನು ಎತ್ತಿ ಮಲಗಿಸುವ ತಾಯಂದಿರು ಮುದುಕಿಯರಾಗುತ್ತಿದ್ದಾರೆ. ನಮ್ಮ ಬಳಿಕ ಈ ಮಗುವಿಗೆ ಯಾರು ಎಂಬುದು ಆ ತಾಯಂದಿರ ಪ್ರಶ್ನೆ.

ಪ್ರಿಯ ಓದುಗರೇ, ಎರಡು ಬೆಥನಿಗಳ ಸ್ಥಾಪಕರೂ ತಮ್ಮ ಕಾಲದಲ್ಲಿ ಕೇಳಿಕೊಂಡದ್ದು ಒಂದೇ ಪ್ರಶ್ನೆ: ಶಾಲೆಯ ಬಾಗಿಲಿಗೂ ಬರಲಾಗದವರು ಯಾರು? 1919ರಲ್ಲಿ, 1921ರಲ್ಲಿ ದೊರೆತ ಉತ್ತರವನ್ನೇ ಇಂದಿಗೂ ಹೇಳುತ್ತಿದ್ದರೆ ಸಾಲದು. ಇಂದು ಸೀಟಿಗಾಗಿ ಸಾಲು ನಿಲ್ಲುವ ಶಾಲೆಗಳು ನಮ್ಮಲ್ಲಿವೆ. ಅವುಗಳ ಬಗ್ಗೆ ಅಭಿಮಾನಪಡೋಣ. ಆದರೆ ಆ ಸಾಲಿಗೆ ಬಾರದ ಮನೆಗಳು ನಮ್ಮ ಧರ್ಮಕೇಂದ್ರದ ಎಲ್ಲೆಯೊಳಗೇ ಇವೆ. ರಬ್ಬರು ತೋಟದ ವಸತಿಗೆ ಒಂದು ಭಾನುವಾರ ಹೋಗಿಬರುವುದು, ಅಂಗವಿಕಲ ಮಗುವಿನ ತಾಯಿಗೆ ವಾರಕ್ಕೆ ಒಂದು ಮಧ್ಯಾಹ್ನ ಬಿಡುವು ಮಾಡಿಕೊಡುವುದು, ಪಿಂಚಣಿಯ ಅರ್ಜಿ ತುಂಬಿಕೊಡುವುದು, ಆಸ್ಪತ್ರೆಗೆ ಜೊತೆ ಹೋಗುವುದು: ಇವಕ್ಕೆ ಕಟ್ಟಡ ಬೇಡ, ದೊಡ್ಡ ನಿಧಿ ಬೇಡ. ಮತಭೇದವೂ ಬೇಡ, ಮತಾಂತರದ ಮಾತೂ ಬೇಡ. ಕ್ರಿಯೆಯಿಲ್ಲದ ವಿಶ್ವಾಸ ಸತ್ತದ್ದೆಂದು ಸಂತ ಯಾಕೋಬರು ಎಚ್ಚರಿಸಿದ್ದು, ಹಸಿದವನನ್ನು ಬರಿಯ ಹಾರೈಕೆಯಿಂದ ಸಾಗಹಾಕುವವರನ್ನು ಕಂಡು. ಒಂದು ಕಾಲದಲ್ಲಿ ಅಪರಿಚಿತರಾಗಿದ್ದ ನಮಗೆ ಈ ನೆಲ ಬಾಗಿಲು ತೆರೆಯಿತು. ನಮ್ಮ ಬಾಗಿಲನ್ನು ತೆರೆದಿಡುವುದು ಈಗ ನಮ್ಮ ಸರದಿ.