ಬಣ್ಣ ಬದಲಿಸುವ ಟ್ಯಾಟೂ ಶುಗರ್ ತೋರಿಸುತ್ತದೆಯೇ? ಪ್ರಾಚೀನರ ಹಚ್ಚೆಯೂ ವೈದ್ಯವೇ?

ಟ್ಯಾಟೂ ಹಾಕಿಸಿಕೊಂಡರೆ ಸಾಕು, ಶುಗರ್ ಏರಿದಾಗ ಅದರ ಬಣ್ಣವೇ ಬದಲಾಗುತ್ತದೆ, ಇನ್ನು ಬೆರಳು ಚುಚ್ಚಿಕೊಳ್ಳಬೇಕಿಲ್ಲ ಎಂಬ ಅರ್ಥದ ಫಾರ್ವರ್ಡ್‌ಗಳನ್ನು ನೀವೂ ನೋಡಿರಬಹುದು. ಇಂತಹ ಸಂದೇಶಗಳ ಜೊತೆಗೆ, ಈ ವಿದ್ಯೆ ಪ್ರಾಚೀನರಿಗೆ ಸಾವಿರಾರು ವರ್ಷಗಳ ಹಿಂದೆಯೇ ಗೊತ್ತಿತ್ತು ಎಂಬ ಮಾತೂ ಅಂಟಿಕೊಂಡು ಬರುತ್ತದೆ. ಎರಡರಲ್ಲೂ ಸ್ವಲ್ಪ ನಿಜವಿದೆ, ಜಾಸ್ತಿ ಉತ್ಪ್ರೇಕ್ಷೆಯಿದೆ. ಇದನ್ನು ನಂಬಿ ಸಕ್ಕರೆ ಕಾಯಿಲೆ ಇರುವವರು ಗ್ಲುಕೋಮೀಟರ್ ಬದಿಗಿಟ್ಟರೆ ಅಪಾಯ. ಹಾಗಾಗಿ ಒಂದೊಂದನ್ನೇ ಬಿಡಿಸಿ ನೋಡೋಣ.

ಹಚ್ಚೆ ಅಳಿಯದೆ ಉಳಿಯುವುದು ಹೇಗೆ?

ನಮ್ಮ ಚರ್ಮದ ಹೊರಪದರ ಸದಾ ಉದುರಿ ಹೊಸದಾಗುತ್ತಿರುತ್ತದೆ. ಹಚ್ಚೆಯ ಸೂಜಿ ಅದನ್ನು ದಾಟಿ, ಕೆಳಗಿನ ಒಳಪದರದಲ್ಲಿ ಬಣ್ಣ ಬಿಡುತ್ತದೆ. ಅಲ್ಲಿರುವ ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಗಳು ಬಣ್ಣದ ಕಣಗಳನ್ನು ನುಂಗುತ್ತವೆ, ಆದರೆ ಕರಗಿಸಲಾರವು. ಒಂದು ಕೋಶ ಸತ್ತರೆ ಅದು ಬಿಟ್ಟ ಬಣ್ಣವನ್ನು ಇನ್ನೊಂದು ಕೋಶ ನುಂಗುತ್ತದೆ ಎಂಬುದನ್ನು ಫ್ರಾನ್ಸ್‌ನ ವಿಜ್ಞಾನಿಗಳು 2018ರಲ್ಲಿ ಇಲಿಗಳಲ್ಲಿ ತೋರಿಸಿದರು.

ಇದೇ ಒಳಪದರದಲ್ಲಿ ಕೋಶಗಳ ನಡುವೆ ಒಂದು ದ್ರವವಿರುತ್ತದೆ. ರಕ್ತದಲ್ಲಿರುವ ಗ್ಲೂಕೋಸ್ ಇದಕ್ಕೂ ಬರುತ್ತದೆ. ಸ್ಮಾರ್ಟ್ ಟ್ಯಾಟೂ ಕಲ್ಪನೆ ಹುಟ್ಟಿದ್ದು ಇಲ್ಲಿಂದ: ಸಾಮಾನ್ಯ ಶಾಯಿಯ ಬದಲು, ಗ್ಲೂಕೋಸ್ ತಾಗಿದರೆ ಬಣ್ಣ ಬದಲಿಸುವ ರಾಸಾಯನಿಕವನ್ನು ಚುಚ್ಚಿದರೆ?

ಪ್ರಯೋಗ ಎಲ್ಲಿಯವರೆಗೆ ಬಂದಿದೆ?

2017ರಲ್ಲಿ ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್ ಮತ್ತು ಹಾರ್ವರ್ಡ್ ವೈದ್ಯಕೀಯ ಕಾಲೇಜಿನ ಸಂಶೋಧಕರು 'ಡರ್ಮಲ್ ಅಬಿಸ್' ಎಂಬ ಯೋಜನೆಯನ್ನು ಪ್ರಕಟಿಸಿದರು. ಅದರಲ್ಲಿ ಗ್ಲೂಕೋಸ್‌ಗೆ ನೀಲಿಯಿಂದ ಕಂದುಬಣ್ಣಕ್ಕೆ ತಿರುಗುವ ಶಾಯಿ ಇತ್ತು. 2019ರಲ್ಲಿ ಜರ್ಮನಿಯ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ತಂಡ ಗ್ಲೂಕೋಸ್, ಆಲ್ಬುಮಿನ್ ಮತ್ತು ಆಮ್ಲೀಯತೆ ಮೂರನ್ನೂ ಗುರುತಿಸುವ ಶಾಯಿಗಳನ್ನು ಪರೀಕ್ಷಿಸಿ, ಬಣ್ಣವನ್ನು ಮೊಬೈಲ್ ಕ್ಯಾಮೆರಾದಿಂದ ಅಳೆಯಿತು.

ಫಾರ್ವರ್ಡ್‌ಗಳು ಹೇಳದೆ ಬಿಡುವ ಮಾತು ಒಂದಿದೆ. ಈ ಎರಡೂ ಪ್ರಯೋಗ ನಡೆದದ್ದು ಪ್ರಾಣಿಯ ದೇಹದಿಂದ ಬೇರ್ಪಡಿಸಿದ ಚರ್ಮದ ಮೇಲೆ, ಬದುಕಿರುವ ಮನುಷ್ಯರ ಮೇಲಲ್ಲ.

ಮುಂದಿನ ತೊಡಕುಗಳೂ ಸಣ್ಣವಲ್ಲ. ಶುಗರ್ ಏರಿದಾಗ ಬದಲಾದ ಬಣ್ಣ, ಇಳಿದಾಗ ಮರಳಿ ಮೊದಲಿನಂತಾಗಬೇಕು. ಶಾಯಿ ಚರ್ಮದಲ್ಲಿ ಹರಡಬಾರದು, ಅಲರ್ಜಿ ತರಬಾರದು. ಎಣ್ಣೆಗಪ್ಪು ಮೈಬಣ್ಣದ ಮೇಲೂ, ಟ್ಯೂಬ್‌ಲೈಟ್ ಬೆಳಕಿನಲ್ಲೂ ಒಂದೇ ಉತ್ತರ ಕೊಡಬೇಕು. ಇನ್ಸುಲಿನ್ ಪ್ರಮಾಣ ನಿರ್ಧರಿಸಲು ಅಂಕಿ ಬೇಕು, ಬಣ್ಣದ ಅಂದಾಜು ಸಾಲದು. ಶುಗರ್ 70ಕ್ಕಿಂತ ಕೆಳಗಿಳಿದರೆ ಕೂಡಲೇ ಗಮನಿಸಬೇಕು. 65ಕ್ಕೂ 95ಕ್ಕೂ ಇರುವ ವ್ಯತ್ಯಾಸವನ್ನು ಕಣ್ಣಂದಾಜಿಗೆ ಬಿಡಲು ಆಗುವುದಿಲ್ಲ.

ಅಂಟಿಸುವ ಟ್ಯಾಟೂ ಬೇರೆ

'ಎಲೆಕ್ಟ್ರಾನಿಕ್ ಟ್ಯಾಟೂ' ಎಂದು ಸುದ್ದಿಯಾಗುವ ಹಲವು ಸಾಧನಗಳನ್ನು ಚುಚ್ಚುವುದೇ ಇಲ್ಲ, ಮಕ್ಕಳ ಸ್ಟಿಕ್ಕರ್‌ನಂತೆ ಅಂಟಿಸುತ್ತಾರೆ. 2022ರಲ್ಲಿ ಅಮೆರಿಕದ ಟೆಕ್ಸಾಸ್‌ನ ಸಂಶೋಧಕರು ಗ್ರ್ಯಾಫೀನ್‌ನಿಂದ ಮಾಡಿದ ಇಂತಹ ತೆಳು ಪಟ್ಟಿಗಳನ್ನು ಮಣಿಕಟ್ಟಿಗೆ ಅಂಟಿಸಿ, 300 ನಿಮಿಷಕ್ಕೂ ಹೆಚ್ಚು ಹೊತ್ತು ರಕ್ತದೊತ್ತಡ ಅಳೆದರು. ಇದು ಮನುಷ್ಯರ ಮೇಲೆಯೇ ನಡೆದ ಪ್ರಯೋಗ. ಆದರೆ ಇದಕ್ಕೂ ಬಣ್ಣ ಬದಲಿಸುವ ಶಾಯಿಗೂ ಸಂಬಂಧವಿಲ್ಲ.

ತೋಳಿಗೆ ಅಂಟಿಸಿಕೊಳ್ಳುವ ಸಿಜಿಎಂ ಎಂಬ ಶುಗರ್ ಸೆನ್ಸರ್ ಮಾತ್ರ ಈಗಾಗಲೇ ಬಳಕೆಯಲ್ಲಿದೆ. ಅದು ಟ್ಯಾಟೂ ಅಲ್ಲ. ಅದರ ಕೂದಲೆಳೆಯಂತಹ ತಂತು ಚರ್ಮದೊಳಗೆ ಇಳಿದು ಅದೇ ದ್ರವದ ಗ್ಲೂಕೋಸ್ ಅಳೆಯುತ್ತದೆ. ಚರ್ಮಕ್ಕೆ ಚುಚ್ಚದೆ ಶುಗರ್ ಅಳೆಯುತ್ತೇವೆ ಎನ್ನುವ ವಾಚು, ಉಂಗುರಗಳನ್ನು ಬಳಸಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಸಿತ್ತು.

ಪ್ರಾಚೀನರಿಗೆ ಗೊತ್ತಿತ್ತೇ?

ಈ ವಾದಕ್ಕೆ ಹೆಚ್ಚಾಗಿ ಎಳೆದು ತರುವುದು 'ಓಟ್ಸಿ'ಯನ್ನು. 1991ರಲ್ಲಿ ಇಟಲಿ-ಆಸ್ಟ್ರಿಯಾ ಗಡಿಯ ಆಲ್ಪ್ಸ್ ಪರ್ವತದ ಮಂಜಿನಲ್ಲಿ ಸಿಕ್ಕ ಸುಮಾರು 5,300 ವರ್ಷ ಹಳೆಯ ಶವ ಇದು. ಅದರ ಮೈಮೇಲೆ 61 ಹಚ್ಚೆ ಗುರುತುಗಳಿವೆ. ಚಿತ್ರಗಳೇನಿಲ್ಲ, ಬರಿಯ ಗೆರೆಗಳು ಮತ್ತು ಶಿಲುಬೆ ಗುರುತುಗಳು. ಬಣ್ಣ ಮಸಿಯದು.

ಅನೇಕ ಗುರುತುಗಳು ಸೊಂಟ, ಮೊಣಕಾಲು, ಕಾಲಿನ ಗಿಣ್ಣುಗಳ ಬಳಿ ಇವೆ. ಅಲ್ಲೆಲ್ಲ ಕೀಲು ಸವೆದಿರುವುದು ಎಕ್ಸ್‌ರೇಯಲ್ಲಿ ಕಂಡಿದೆ. ಹಾಗಾಗಿ ನೋವಿಗೆಂದೇ ಹಚ್ಚೆ ಹಾಕಿರಬಹುದು ಎಂಬ ಊಹೆ ಇದೆ. ಗುರುತುಗಳು ಚೀನಾದ ಆಕ್ಯುಪಂಕ್ಚರ್ ಬಿಂದುಗಳ ಹತ್ತಿರ ಇವೆ ಎಂದು 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಕೆಲವರು ಬರೆದರು. ಆದರೆ ದೇಹದಲ್ಲಿ ಅಂತಹ 361 ಬಿಂದುಗಳನ್ನು ಲೆಕ್ಕ ಹಾಕುತ್ತಾರೆ. ಎಲ್ಲಿ ಚುಚ್ಚಿದರೂ ಯಾವುದೋ ಒಂದು ಹತ್ತಿರವೇ ಇರುತ್ತದೆ! ನೋವಿಗೆಂದು ಹಾಕಿದ್ದರು ಎಂದು ಒಪ್ಪಿದರೂ, ನೋವು ಹೋಯಿತು ಎಂದು ಅದರಿಂದ ಸಾಬೀತಾಗುವುದಿಲ್ಲ. ದೇಹದ ಒಳಗಿನದನ್ನು ಅಳೆಯುವ ಮಾತಂತೂ ದೂರವೇ ಉಳಿಯಿತು: ಮಸಿ ಶುಗರ್ ಏರಿದರೂ ಮಸಿಯೇ, ಇಳಿದರೂ ಮಸಿಯೇ.

ನಮ್ಮ ಅಜ್ಜಿಯರ ಹಣೆ, ಗಲ್ಲ, ಮುಂಗೈ ಮೇಲಿನ ಹಚ್ಚೆಗೂ ಇದೇ ಮಾತು ಅನ್ವಯಿಸುತ್ತದೆ. ಕೊರವಂಜಿಯರು ಊರೂರು ತಿರುಗಿ ಹಾಕುತ್ತಿದ್ದ ಆ ಹಚ್ಚೆಗೆ ಅಲಂಕಾರ, ಕುಲದ ಗುರುತು, ಸತ್ತಾಗ ಜೊತೆಗೆ ಬರುವ ಒಡವೆ ಇದೊಂದೇ ಎಂಬ ನಂಬಿಕೆ, ಹೀಗೆ ತನ್ನದೇ ಅರ್ಥಗಳಿದ್ದವು. ಹುಬ್ಬಿನ ನಡುವಿನ ಚುಕ್ಕೆ ನರಗಳನ್ನು ಒತ್ತಿ ರೋಗ ತಡೆಯುತ್ತಿತ್ತು ಎನ್ನಲು ಪುರಾವೆ ಇಲ್ಲ. ಆ ಹಚ್ಚೆಯನ್ನು ಗೌರವಿಸಲು ಅದು ಔಷಧಿಯಾಗಿರಬೇಕಿಲ್ಲ.

ಹಾಗಾದರೆ ಏನು ಮಾಡಬೇಕು?

• ಶುಗರ್ ಪರೀಕ್ಷೆಯನ್ನು ವೈದ್ಯರು ಹೇಳಿದಂತೆ ಗ್ಲುಕೋಮೀಟರ್ ಅಥವಾ ಲ್ಯಾಬ್‌ನಲ್ಲೇ ಮುಂದುವರಿಸಿ. ಬೆರಳು ಚುಚ್ಚುವುದು ಕಷ್ಟವಾದರೆ ಸಿಜಿಎಂ ಬಗ್ಗೆ ವೈದ್ಯರನ್ನು ಕೇಳಿ.

• ಶುಗರ್ ಹತೋಟಿಯಲ್ಲಿಲ್ಲದವರಿಗೆ ಗಾಯ ಮಾಯುವುದು ತಡ, ಸೋಂಕು ಬೇಗ. ಯಾವುದೇ ಟ್ಯಾಟೂ ಹಾಕಿಸುವ ಮುನ್ನ ವೈದ್ಯರ ಜೊತೆ ಮಾತನಾಡಿ.

• ಒಬ್ಬರಿಗೆ ಬಳಸಿದ ಸೂಜಿಯಿಂದ ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಹರಡಬಹುದು. ಪ್ಯಾಕೆಟ್ ಒಡೆದು ಹೊಸ ಸೂಜಿ ತೆಗೆಯುವುದನ್ನು ಕಣ್ಣಾರೆ ನೋಡಿ. ಭಾರತದಲ್ಲಿ ಟ್ಯಾಟೂ ಹಾಕಿಸಿಕೊಂಡ ಬಳಿಕ 12 ತಿಂಗಳು ರಕ್ತದಾನ ಮಾಡುವಂತಿಲ್ಲ.

• ಇಂತಹ ಸಂದೇಶ ಬಂದಾಗ ಎರಡು ಪ್ರಶ್ನೆ ಕೇಳಿ: ಇದನ್ನು ಮನುಷ್ಯರ ಮೇಲೆ ಪರೀಕ್ಷಿಸಿದ್ದಾರೆಯೇ? ಇದನ್ನು ಬಳಸಲು ಅನುಮತಿ ಸಿಕ್ಕಿದೆಯೇ?

ಚುಚ್ಚುವ ಸ್ಮಾರ್ಟ್ ಟ್ಯಾಟೂ ಮುಂದೊಂದು ದಿನ ಬರಬಹುದು, ಆ ಸಂಶೋಧನೆ ನಿಜವಾದದ್ದೇ. ಆದರೆ ಅದನ್ನು ನಂಬಿ ಇವತ್ತಿನ ಶುಗರ್ ಪರೀಕ್ಷೆಯನ್ನು ತಪ್ಪಿಸಬೇಡಿ. ನಿಮ್ಮ ಗುಂಪಿನಲ್ಲಿ ಯಾರಾದರೂ ಆ ಫಾರ್ವರ್ಡ್ ಹಾಕಿದ್ದರೆ, ಅದರ ಕೆಳಗೇ ಇದನ್ನೂ ಹಾಕಿ.