ಖಾಲಿ ಉಳಿದ ನಮೂನೆ: 1822ರ ಕೆನರಾ ಪತ್ರವೂ ಮನೆಪಾಠದ ಚರಿತ್ರೆಯೂ

ಮನೆಶಾಲೆಯ ಪರವಾಗಿ ವಾದಿಸುವವರು ಈಚೆಗೆ ಒಂದು ದಾಖಲೆಯನ್ನು ತಾಮ್ರಪಟದಂತೆ ಎತ್ತಿ ತೋರಿಸತೊಡಗಿದ್ದಾರೆ. ಕೆನರಾ ಜಿಲ್ಲೆಯ ಪ್ರಧಾನ ಕಲೆಕ್ಟರ್ ಹ್ಯಾರಿಸ್ 1822ರ ಆಗಸ್ಟ್ 27ರಂದು ಮದರಾಸಿನ ರೆವಿನ್ಯೂ ಬೋರ್ಡಿಗೆ ಬರೆದ ಪತ್ರ ಅದು. ಮಂಗಳೂರಿನ ವಿಚಾರಗೋಷ್ಠಿಯೊಂದರಲ್ಲಿ ಹಿರಿಯ ವಿದ್ವಾಂಸರೊಬ್ಬರು ಈ ಪತ್ರವನ್ನು ಆಧರಿಸಿ, ಇಂಗ್ಲಿಷರು ಶಾಲೆ ತರುವ ಮೊದಲು ಕರಾವಳಿಯ ಮಕ್ಕಳು ಮನೆಯಲ್ಲೇ, ತಮ್ಮ ಮನಸ್ಸಿಗೆ ಬಂದಂತೆ, ತಮ್ಮ ವೇಗದಲ್ಲೇ ಕಲಿಯುತ್ತಿದ್ದರೆಂದು ಸಾರಿದರು. ಸಭೆ ಚಪ್ಪಾಳೆ ತಟ್ಟಿತು. ಪತ್ರವನ್ನು ಓದಿದ್ದೀರಾ ಎಂದು ಕೇಳಿದ್ದಕ್ಕೆ, ಧರಂಪಾಲರ ಪುಸ್ತಕದಲ್ಲಿ ಇದೆಯಲ್ಲ ಎಂಬ ಉತ್ತರ ಬಂತು. ಇದೆ, ನಿಜ. ಆದರೆ ಅದಿರುವುದು ಅನುಬಂಧದಲ್ಲಿ. ದೇಶೀ ಶಿಕ್ಷಣದ ಕುರಿತು 1983ರಲ್ಲಿ ಬಂದ ಆ ಪುಸ್ತಕದ ಪೀಠಿಕೆಯನ್ನು ಓದಿ ಅನುಬಂಧದ ಬಾಗಿಲಲ್ಲೇ ಹಿಂತಿರುಗುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಧರಂಪಾಲರ ಬಗ್ಗೆ ನನಗಿರುವ ಗೌರವಕ್ಕೆ ಇದಕ್ಕಿಂತ ದೊಡ್ಡ ಕಿರಿಕಿರಿ ಬೇರೊಂದಿಲ್ಲ.

ಪತ್ರ ಹೇಳುವುದು ಇಷ್ಟು. ಕೆನರಾದಲ್ಲಿ ಉನ್ನತ ಶಾಸ್ತ್ರಗಳನ್ನು ಕಲಿಸುವ ಕಾಲೇಜುಗಳಿಲ್ಲ. ಸ್ಥಿರವಾದ ಶಾಲೆಗಳಾಗಲಿ, ಅವುಗಳಲ್ಲಿ ಕಲಿಸುವ ಉಪಾಧ್ಯಾಯರಾಗಲಿ ಇಲ್ಲ. ಹಿಂದಿನ ಸರಕಾರಗಳು ಇಂಥ ಸಂಸ್ಥೆಗಳಿಗೆ ನೆರವು ಕೊಟ್ಟ ನಿದರ್ಶನ ಗೊತ್ತಿಲ್ಲ. ವಿದ್ಯಾಭ್ಯಾಸ ಎಷ್ಟು ಖಾಸಗಿಯಾಗಿ ನಡೆಯುತ್ತದೆಂದರೆ, ಶಾಲೆಗಳ ಮತ್ತು ಮಕ್ಕಳ ಲೆಕ್ಕ ಕೊಟ್ಟರೆ ಪ್ರಯೋಜನವಾಗದೆ ತಪ್ಪು ಅಂದಾಜಿಗೇ ದಾರಿಯಾದೀತು. ಹೀಗೆಂದು ಬರೆದು ಹ್ಯಾರಿಸ್ ಬೋರ್ಡಿನ ನಮೂನೆಯನ್ನು ತುಂಬದೆ ಬಿಟ್ಟ. ಇಡೀ ಮದರಾಸು ಪ್ರಾಂತದ ಸಮೀಕ್ಷೆಯಲ್ಲಿ ಕೆನರಾದ ಅಂಕಿಗಳಿರಬೇಕಾದ ಜಾಗ ಬರಿದಾಗಿ ಉಳಿಯಿತು.

ಬರಿದಾದ ಈ ಜಾಗದಲ್ಲಿ ಒಬ್ಬೊಬ್ಬರು ತಮಗೆ ಬೇಕಾದದ್ದನ್ನು ಬರೆದುಕೊಂಡಿದ್ದಾರೆ. ದೇಶೀ ಶಿಕ್ಷಣವನ್ನು ಕೀಳುಗಳೆಯುವವರಿಗೆ ಅಲ್ಲಿ ಕಾಣುವುದು ಅಜ್ಞಾನ, ಮನೆಶಾಲೆಯ ಅಭಿಮಾನಿಗಳಿಗೆ ಕಾಣುವುದು ಸ್ವರ್ಗ.

ಮೊದಲು ತಾರೀಕುಗಳನ್ನು ನೋಡೋಣ. ಶಾಲೆಗಳ ಲೆಕ್ಕ ಕೇಳಿದ ಗವರ್ನರ್ ಥಾಮಸ್ ಮನ್ರೋನ ಟಿಪ್ಪಣಿ 1822ರ ಜೂನ್ 25ರದು. ಬೋರ್ಡು ಕಲೆಕ್ಟರುಗಳಿಗೆ ಸುತ್ತೋಲೆ ಹೊರಡಿಸಿದ್ದು ಜುಲೈ 25ಕ್ಕೆ. ಹ್ಯಾರಿಸನ ಉತ್ತರ ಅದಾದ ಮೂವತ್ತಮೂರನೆಯ ದಿನದ್ದು. ಮದರಾಸಿನಿಂದ ಮಂಗಳೂರಿಗೆ ಟಪಾಲು ಬರಲು ಹಿಡಿದ ದಿನಗಳನ್ನು ಕಳೆದರೆ ಉಳಿದದ್ದೆಷ್ಟು? ಅದೂ ಎಂಥ ದಿನಗಳು! ತುಳುವರ ಆಟಿ ತಿಂಗಳು ಕಳೆದು ಸೋಣ ಹಿಡಿದ ಹೊತ್ತು. ನೇತ್ರಾವತಿ, ಸ್ವರ್ಣೆ, ಸೀತೆ ಎಲ್ಲವೂ ತುಂಬಿ ಹರಿಯುವ ಕಾಲ. ಊರೂರಿಗೆ ಶ್ಯಾನುಭಾಗರನ್ನು ಕಳಿಸಿ ಮಕ್ಕಳ ತಲೆ ಎಣಿಸುವುದು ಆಗುವ ಮಾತಲ್ಲ. ಇದೇ ಸುತ್ತೋಲೆಗೆ ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ ಉತ್ತರ ಬರೆದದ್ದು 1823ರ ಆಗಸ್ಟ್ 17ರಂದು, ಒಂದು ವರ್ಷಕ್ಕೂ ಹೆಚ್ಚು ಸಮಯ ತೆಗೆದುಕೊಂಡು. ಅವನ ವರದಿಯಲ್ಲಿ 533 ಶಾಲೆಗಳು, 6,641 ಮಕ್ಕಳು; 235 ಶಾಲೆ ಕನ್ನಡದವು, 226 ತೆಲುಗಿನವು. ಕೆನರಾದ ಪತ್ರದಲ್ಲಿ ಒಂದು ಅಂಕಿಯೂ ಇಲ್ಲ. ಎಣಿಸಿ ನೋಡಿ ಇಲ್ಲವೆಂದವನ ಮಾತಿಗೂ ಎಣಿಸದೆ ಇಲ್ಲವೆಂದವನ ಮಾತಿಗೂ ಒಂದೇ ತೂಕ ಕೊಡಲಾಗದು.

‘ಕಾಲೇಜುಗಳಿಲ್ಲ’ ಎಂಬ ಮಾತನ್ನು ಪರೀಕ್ಷಿಸಲು ಕಷ್ಟಪಡಬೇಕಿಲ್ಲ. ಉಡುಪಿಯ ಅಷ್ಟಮಠಗಳು ಹ್ಯಾರಿಸನ ಜಿಲ್ಲೆಯೊಳಗೇ ಇದ್ದವು. ಧವಲಾ ಗ್ರಂಥಗಳ ತಾಳೆಗರಿಗಳನ್ನು ಕಾಪಾಡಿಕೊಂಡ ಮೂಡುಬಿದಿರೆಯ ಜೈನ ಮಠವೂ ಅಲ್ಲೇ ಇತ್ತು. ಇವು ಕಾಲೇಜುಗಳಲ್ಲ ಎಂದು ಅವನ ಕಚೇರಿ ತೀರ್ಮಾನಿಸಿದ್ದರೆ, ಆ ತೀರ್ಮಾನ ಹೇಳುವುದು ಆ ಕಚೇರಿಯ ವ್ಯಾಖ್ಯೆಯನ್ನು, ಜಿಲ್ಲೆಯ ಸ್ಥಿತಿಯನ್ನಲ್ಲ. ಇಲ್ಲಿ ನನ್ನದೊಂದು ಊಹೆಯಿದೆ, ಊಹೆಯೆಂದೇ ತೆಗೆದುಕೊಳ್ಳಿ. ಕರಾವಳಿಯಲ್ಲಿ ಮತ್ತು ಮಲೆನಾಡಿನಲ್ಲಿ ಊರ ಉಪಾಧ್ಯಾಯರಾದ ಐಗಳು ಅಕ್ಷರ ಕಲಿಸುವ ಜಾಗಕ್ಕೆ ‘ಐಗಳ ಮಠ’ ಎನ್ನುತ್ತಿದ್ದರು. ‘ಮಠ’ ಎಂದರೆ ಸಂನ್ಯಾಸಿಗಳ ಪೀಠವೂ ಹೌದು, ಜಗಲಿಯ ಮೇಲೆ ಹತ್ತು ಮಕ್ಕಳು ಕೂತು ಮರಳಲ್ಲಿ ತಿದ್ದುವ ಜಾಗವೂ ಹೌದು. ಇಂಗ್ಲಿಷಿನ ‘ಸ್ಕೂಲ್’ ಅಮಲ್ದಾರನ ಬಾಯಲ್ಲಿ ಯಾವ ಕನ್ನಡ ಮಾತಾಗಿ ಇಳಿಯಿತು? ‘ಪಾಠಶಾಲೆ’ ಎಂದು ಕೇಳಿದ್ದರೆ ಊರವರು ಇಲ್ಲವೆಂದೇ ಹೇಳುತ್ತಿದ್ದರು. ‘ಮಠ’ ಎಂದು ಕೇಳಿದ್ದರೆ ಸ್ವಾಮಿಗಳ ಹೆಸರು ಹೇಳುತ್ತಿದ್ದರು. ಐಗಳು ಎರಡಕ್ಕೂ ಸಿಗದೆ ಜಾರಿಹೋಗುವುದು ಸುಲಭ.

ಈಗ ಗೋಷ್ಠಿಯಲ್ಲಿ ಚಪ್ಪಾಳೆ ಗಿಟ್ಟಿಸಿದ ‘ಖಾಸಗಿ’ ಎಂಬ ಮಾತಿಗೆ ಬರೋಣ. ಇಂದು ನಾವು ಖಾಸಗಿ ಎಂದರೆ ಮನೆಯೊಳಗಿನದು, ತಾಯಿತಂದೆ ಮಕ್ಕಳ ನಡುವಿನದು ಎಂದುಕೊಳ್ಳುತ್ತೇವೆ. ರೆವಿನ್ಯೂ ಇಲಾಖೆಯ ಬಾಯಲ್ಲಿ ಅದಕ್ಕೆ ಆ ಅರ್ಥವಿಲ್ಲ. ಸರಕಾರದ ಬೊಕ್ಕಸದಿಂದ ಇನಾಮು, ತಸ್ತೀಕು ಏನೂ ಹೋಗದ್ದು ಖಾಸಗಿ. ಹ್ಯಾರಿಸ್ ನೆರವಿನ ಮಾತನ್ನೂ ಖಾಸಗಿಯ ಮಾತನ್ನೂ ಒಟ್ಟೊಟ್ಟಿಗೆ ಎತ್ತಿರುವುದನ್ನು ಗಮನಿಸಬೇಕು. ಶಾಲೆಯಿಲ್ಲ ಎನ್ನುವಲ್ಲಿ ಅವನು ‘ಫಿಕ್ಸೆಡ್’ ಎಂಬ ವಿಶೇಷಣವನ್ನು ಬಿಟ್ಟಿಲ್ಲ, ಇಲ್ಲವೆಂದದ್ದು ಸ್ಥಿರತೆಯನ್ನು. ಮುಂದೆ ‘ಖಾಸಗಿ ಶಾಲೆಗಳ’ ಲೆಕ್ಕ ತಪ್ಪುದಾರಿಗೆಳೆದೀತು ಎಂದು ಅಂಜುವಾಗ ಅವು ಇವೆಯೆಂದು ತಾನೇ ಒಪ್ಪಿಕೊಂಡಂತಾಯಿತಲ್ಲ! ವರ್ಷದ ಕೆಲವು ತಿಂಗಳು ಒಬ್ಬ ಐಗಳನ್ನು ಇರಿಸಿಕೊಂಡು, ಮಳೆಗಾಲಕ್ಕೊಂದು ಬೇಸಗೆಗೊಂದು ಜಗಲಿ ಬದಲಿಸುವ ಪಾಠವನ್ನು ಈ ವಾಕ್ಯ ಅಲ್ಲಗಳೆಯುವುದಿಲ್ಲ. ಅಂಥದ್ದೇ ಇತ್ತೆಂದು ಇದೊಂದರಿಂದಲೇ ಸಾಧಿಸಲೂ ಬಾರದು.

ಆದರೆ ಬೇರೆ ಕಡೆಯ ಸೂಚನೆಗಳಿವೆ. 1826ರ ಮಾರ್ಚ್ 10ರ ಟಿಪ್ಪಣಿಯಲ್ಲಿ ಮನ್ರೋ, ಮನೆಯಲ್ಲಿ ಕಲಿಯುವ ಹುಡುಗರಿಗೆ ಪಾಠ ಹೇಳುವವರು ಬಂಧುಗಳು ಅಥವಾ ಖಾಸಗಿ ಉಪಾಧ್ಯಾಯರು ಎನ್ನುತ್ತಾನೆ. (1799ರಲ್ಲಿ ಕೆನರಾ ಕಂಪನಿಯ ಕೈಸೇರಿದಾಗ ಅಲ್ಲಿ ಕಲೆಕ್ಟರಾಗಿದ್ದವನು ಇವನೇ, ಜಿಲ್ಲೆ ಅವನಿಗೆ ಹೊಸದಲ್ಲ.) ಕುವೆಂಪು ಅವರ ಓದು ಮೊದಲಾದದ್ದು ಕುಪ್ಪಳಿಯ ಮನೆಯಲ್ಲಿ, ದಕ್ಷಿಣ ಕನ್ನಡದಿಂದ ಬಂದ ಐಗಳೊಬ್ಬರ ಕೈಯಲ್ಲಿ, ತೀರ್ಥಹಳ್ಳಿಯ ಶಾಲೆ ಆಮೇಲಿನದು. ನಡುವೆ ಸುಮಾರು ತೊಂಬತ್ತು ವರ್ಷಗಳ ಅಂತರವಿದೆ, ಘಟ್ಟವೂ ಇದೆ. ಹಾಗಾಗಿ ಇದನ್ನು 1822ಕ್ಕೆ ನೇರ ಸಾಕ್ಷಿ ಎನ್ನಲಾರೆ. ಆದರೂ ಐಗಳು ಘಟ್ಟ ಹತ್ತಿ ಹೋಗಿ ಮನೆಯಲ್ಲಿ ಉಳಿದು ಪಾಠ ಹೇಳುವ ಪದ್ಧತಿಯನ್ನು ಕೆಳಗಿನ ಸೀಮೆ ಏಕಾಏಕಿ ಕಂಡುಹಿಡಿದಿರಲಾರದು.

ಆದರೆ ಇಂಥ ಮನೆಪಾಠಕ್ಕೆ ಮನೆ ಬೇಕು, ಅಂದರೆ ಐಗಳಿಗೆ ಊಟ ಹಾಕಿ ಅಕ್ಕಿ ಅಳೆಯಬಲ್ಲ ಮನೆ. ಧರಂಪಾಲರ ದೊಡ್ಡ ಶೋಧ ನೆನಪಿರಲಿ: ಪ್ರಾಂತದ ಊರ ಶಾಲೆಗಳಲ್ಲಿ ಶೂದ್ರ ಮಕ್ಕಳೇ ಹೆಚ್ಚು. ಬಳ್ಳಾರಿಯಲ್ಲಿ ಶೂದ್ರರೂ ‘ಇತರ ಜಾತಿ’ಯವರೂ ಸೇರಿ ನೂರಕ್ಕೆ 63ರಷ್ಟಿದ್ದರು. ಧರಂಪಾಲರು ಇಷ್ಟು ಕಷ್ಟಪಟ್ಟು ತೋರಿಸಿದ್ದು ಊರ ಶಾಲೆಯ ವ್ಯಾಪ್ತಿಯನ್ನು. ಅದೇ ಪುಸ್ತಕದ ಹೆಸರು ಹೇಳಿ ಶಾಲೆಯೇ ಬೇಡವಾಗಿತ್ತು ಎಂದು ವಾದಿಸುವವರು ಅವರಿಗೆ ಮಾಡುತ್ತಿರುವ ಉಪಕಾರ ನನಗೆ ತಿಳಿಯುವುದಿಲ್ಲ. ಕೆನರಾದ ಮನೆಗಳಲ್ಲಿ ಶೂದ್ರ ಮಗುವಿಗೆ, ಅದಕ್ಕೂ ಕೆಳಗಿರಿಸಲ್ಪಟ್ಟ ಮಗುವಿಗೆ ಜಗಲಿಯಲ್ಲಿ ಜಾಗ ಎಷ್ಟಿತ್ತು ಎಂಬ ಪ್ರಶ್ನೆಯನ್ನು ಖಾಲಿ ನಮೂನೆ ಮುಚ್ಚಿಹಾಕಿದೆ. ಬೋರ್ಡಿನ ನಮೂನೆಯಲ್ಲಿ ಜಾತಿವಾರು ಅಂಕಣಗಳಿದ್ದವು. ಹ್ಯಾರಿಸ್ ಅವನ್ನು ತುಂಬಿದ್ದರೆ ನಾವು ಇಷ್ಟು ಹೊತ್ತು ಹೆಣಗುವುದು ಬೇಕಿರಲಿಲ್ಲ.

ದೇಶೀ ಶಿಕ್ಷಣವನ್ನು ಕೀಳುಗಳೆಯುವ ಎದುರು ಪಾಳೆಯವನ್ನೂ ಸುಮ್ಮನೆ ಬಿಡುವಂತಿಲ್ಲ. ಗಾಂಧೀಜಿ 1931ರ ಅಕ್ಟೋಬರ್ 20ರಂದು ಲಂಡನ್ನಿನಲ್ಲಿ ಈ ಶಿಕ್ಷಣದ ಬಗ್ಗೆ ಆಡಿದ ಮಾತಿಗೆ ಉತ್ತರವಾಗಿ ಇಂಗ್ಲಿಷ್ ಶಿಕ್ಷಣತಜ್ಞ ಫಿಲಿಪ್ ಹಾರ್ಟೋಗ್ ಪುಸ್ತಕವನ್ನೇ ಬರೆದ. ಮನ್ರೋನ ಅಂದಾಜು ಅವನಿಗೆ ಅತಿಯೆನಿಸಿತು, ಬಳ್ಳಾರಿಯ ಕಡಿಮೆ ಅಂಕಿ ನಂಬಲರ್ಹವೆನಿಸಿತು. ಮನ್ರೋ ಕಣ್ಣುಮುಚ್ಚಿ ಲೆಕ್ಕ ಹಾಕಿದವನಲ್ಲ. ಮದರಾಸು ಪಟ್ಟಣದಲ್ಲಿ ಮನೆಯಲ್ಲಿ ಕಲಿಯುವವರು 26,900ಕ್ಕೂ ಮಿಕ್ಕಿ, ಶಾಲೆಗೆ ಹೋಗುವವರ ಐದು ಪಟ್ಟು ಎಂಬ ವರದಿ ಬಂದಾಗ, ಇದರಲ್ಲಿ ಏನೋ ತಪ್ಪಿದ್ದೀತು ಎಂದು ತಾನೇ ಶಂಕಿಸಿದ. ಆಮೇಲೂ ಮನೆಪಾಠ ಎಲ್ಲ ಕಡೆಯೂ ಉಂಟೆಂದು ತಿಳಿದು, ಕಲಿಯುವ ಗಂಡುಮಕ್ಕಳ ಪಾಲು ಕಾಲುಭಾಗಕ್ಕಿಂತ ಮೂರನೆಯ ಒಂದಕ್ಕೆ ಹತ್ತಿರ ಎಂದ. ಜಿಲ್ಲೆಗಳಿಂದ ಮನೆಪಾಠದ ಲೆಕ್ಕವೇ ಬಂದಿಲ್ಲ ಎಂಬ ಅವನ ಮಾತೊಂದನ್ನು ಮಾತ್ರ ತಿದ್ದಬೇಕು: ಮಲಬಾರಿನ ಕಲೆಕ್ಟರ್ ಖಾಸಗಿಯಾಗಿ ಓದುವ 1,594 ಮಂದಿಯ ಲೆಕ್ಕ ಕೊಟ್ಟಿದ್ದ. ಅವರು ಧರ್ಮಶಾಸ್ತ್ರ, ಜ್ಯೋತಿಷ, ವೈದ್ಯ ಕಲಿಯುವವರು, ಅಕ್ಷರ ತಿದ್ದುವ ಮಕ್ಕಳಲ್ಲ. ಅದಕ್ಕೇ ಮನ್ರೋ ಬಿಟ್ಟಿದ್ದಾನು. ‘ಮನೆಯಲ್ಲಿ ಕಲಿಯುವುದು’ ಎಂಬ ಒಂದೇ ಹೆಸರಿನಡಿ ಎಷ್ಟು ಬಗೆಯ ಕಲಿಕೆ ಕೂಡಿಕೊಂಡಿದೆ ಎಂಬುದು ಇಲ್ಲೇ ಕಾಣುತ್ತದೆ.

ಇನ್ನು, ಮಗುವೇ ಮುಂದಾಗಿ ಕಲಿಯುವ ಕ್ರಮ. ಅಮೆರಿಕದ ಜಾನ್ ಹೋಲ್ಟ್ 1977ರಲ್ಲಿ ಪತ್ರಿಕೆ ಹೊರಡಿಸಿ ಪ್ರಚಾರಕ್ಕೆ ತಂದ ವಿಚಾರವನ್ನು 1822ರ ಜಗಲಿಗೆ ಹೊತ್ತೊಯ್ಯುವವರು ಕ್ಯಾಂಪ್‌ಬೆಲ್ಲನ ವರದಿಯನ್ನೊಮ್ಮೆ ಓದಬೇಕು. ಬೆಳಗ್ಗೆ ಶಾಲೆಗೆ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಂದ ಆಚೆಗೆ ಏಟು, ಬಂದ ಸರದಿಯಂತೆ ಒಂದೊಂದು ಹೆಚ್ಚು. ಓದುವ ಪದ್ಯಗಳು ಮಕ್ಕಳಿಗೆ ಅರ್ಥವಾಗದ ಹಳೆಯ ಭಾಷೆಯವು; ಬಾಯಿಪಾಠ ಮಾತ್ರ. ಮನೆಗೆ ಬಂದ ಐಗಳು ಇದಕ್ಕಿಂತ ಮೃದುವಾಗಿದ್ದರೆಂದು ನಂಬಲು ಆಧಾರವಿಲ್ಲ. ಒಂದು ಮಾತನ್ನು ಒಪ್ಪುತ್ತೇನೆ: ಅಲ್ಲಿ ವಯಸ್ಸಿಗೆ ಕಟ್ಟಿದ ತರಗತಿಯಿರಲಿಲ್ಲ. ಮರಳಿನಿಂದ ಹಲಗೆಗೆ, ಹಲಗೆಯಿಂದ ಕಡತಕ್ಕೆ ಮಗು ತನ್ನ ಶಕ್ತಿಯಂತೆ ದಾಟುತ್ತಿತ್ತು, ದೊಡ್ಡವನು ಚಿಕ್ಕವನಿಗೆ ತಿದ್ದಿಸುತ್ತಿದ್ದ. ಕ್ಯಾಂಪ್‌ಬೆಲ್ ಮೆಚ್ಚಿದ್ದೂ ಇದನ್ನೇ. ಆದರೆ ವೇಗ ಮಗುವಿನದಾದ ಮಾತ್ರಕ್ಕೆ ದಾರಿಯೂ ಮಗುವಿನದಾಗುವುದಿಲ್ಲ.

ಮನೆಶಾಲೆಯವರ ಮೇಲೆ ನನಗೆ ಸಿಟ್ಟಿಲ್ಲ. ಶಿಕ್ಷಣದ ಹಕ್ಕಿನ ಕಾಯಿದೆ 2010ರ ಏಪ್ರಿಲಿನಲ್ಲಿ ಜಾರಿಗೆ ಬಂದಮೇಲೆ, ಆರರಿಂದ ಹದಿನಾಲ್ಕರ ಮಕ್ಕಳನ್ನು ಮನೆಯಲ್ಲಿಟ್ಟುಕೊಂಡವರಿಗೆ ತಮ್ಮ ನಡೆಗೊಂದು ಪೂರ್ವಿಕರ ಬಲ ಬೇಕೆನಿಸಿದ್ದು ಸಹಜ. ಆ ಬಲ ಈ ಕರಾವಳಿಯಲ್ಲೇ ಬೇಕಾದರೆ ಪುತ್ತೂರಿನ ಬಾಲವನಕ್ಕೆ ಹೋಗಲಿ. ಮಕ್ಕಳ ಕುತೂಹಲವನ್ನೇ ನಂಬಿ ‘ಬಾಲ ಪ್ರಪಂಚ’ ಬರೆದ ಶಿವರಾಮ ಕಾರಂತರು ಅವರ ವಾದಕ್ಕೆ ಹ್ಯಾರಿಸನಿಗಿಂತ ಎಷ್ಟೋ ಗಟ್ಟಿಯಾದ ಆಸರೆ.

ಕೆನರಾದ ಬರಿದಾದ ಜಾಗವನ್ನು ತುಂಬುವ ಸಾಮಗ್ರಿ ಮದರಾಸಿನ ದಫ್ತರಖಾನೆಯಲ್ಲಿ ಸಿಗಲಾರದು. ಹುಡುಕಬೇಕಾದದ್ದು ಗುತ್ತು, ಬೀಡು, ಅಗ್ರಹಾರಗಳ ಮನೆಲೆಕ್ಕದಲ್ಲಿ: ಆಳಿನ ಕೂಲಿ, ದೈವದ ಖರ್ಚು, ಗೇಣಿಯ ಬಾಕಿಯ ನಡುವೆ ಎಲ್ಲಾದರೂ ಐಗಳ ಬಾಬ್ತು ಇಷ್ಟು ಮುಡಿ ಅಕ್ಕಿ ಎಂದು ಬರೆದಿದೆಯೇ, ಬರೆದಿದ್ದರೆ ಆ ವರ್ಷ ಎಷ್ಟು ತಿಂಗಳಿಗೆ, ಪಕ್ಕದ ಮನೆಯವರು ಅದರಲ್ಲಿ ಪಾಲು ಕೊಟ್ಟರೇ ಎಂದು. ಅಟ್ಟದ ಕಡತಗಳನ್ನು ಗೆದ್ದಲಿಗೆ ಬಿಡದೆ ಇಳಿಸಿ ಕೊಡುವ ಮನೆಯವರು ಇದ್ದರೆ ಓದಲು ನಾನು ಸಿದ್ಧ.