ಆರು ವೋಲ್ಟಿನ ಬೆಳಕು: ಹಳೇ ಯೆಜ್ಡಿ ಬಿಚ್ಚಿದಾಗ ಸಿಕ್ಕ ಮೈಸೂರಿನ ಕಥೆ

ಕಳೆದ ಮಳೆಗಾಲದಲ್ಲಿ ಸಕ್ರೆಬೈಲಿನ ನಮ್ಮ ಮನೆ ಕೊಟ್ಟಿಗೆಯಲ್ಲಿ ಕೂತು ಒಂದು ಹೆಡ್‌ಲೈಟ್ ಬಿಚ್ಚಿದೆ. ಈ ಸಂಚಿಕೆಯನ್ನ ಅಲ್ಲಿಂದಲೇ ಶುರು ಮಾಡ್ತೀನಿ.

ಹೆಡ್‌ಲೈಟಿನ ಗುಂಡಿಯೊಳಗೆ ಒಂದು ವೈರುಗಳ ಗೂಡು ಇತ್ತು. ಕಂಪನಿಯಿಂದ ಬಂದ ವೈರು ಅದರಲ್ಲಿ ಅರ್ಧಕ್ಕಿಂತ ಕಡಿಮೆ. ಉಳಿದದ್ದೆಲ್ಲ ತೇಪೆ. ಒಂದು ಕಡೆ ಮನೆ ವೈರಿಂಗಿಗೆ ಹಾಕುವ ಕೆಂಪು ವೈರು, ಇನ್ನೊಂದು ಕಡೆ ಟ್ರಾಕ್ಟರಿನದ್ದಿರಬೇಕು ಅನ್ನಿಸೋ ದಪ್ಪ ವೈರು, ಮತ್ತೊಂದು ಕಡೆ ಬಟ್ಟೆ ಸುತ್ತಿ ಮೇಲೆ ದಾರ ಕಟ್ಟಿದ ಗಂಟು. ಅಪ್ಪನಿಗೆ ತೋರಿಸಿದೆ. ಕನ್ನಡಕ ಸರಿ ಮಾಡ್ಕೊಂಡು ನೋಡಿ, "ಆ ಕೆಂಪು ವೈರು ನಾನೇ ಹಾಕಿದ್ದು ಕಣೋ. ಮಂಡಗದ್ದೆ ಹತ್ರ ರಾತ್ರಿ ಲೈಟು ಹೋಗಿತ್ತು. ಬೆಳಿಗ್ಗೆ ಸರಿ ಮಾಡೋಣ ಅಂದ್ಕೊಂಡಿದ್ದೆ" ಅಂದರು. ಆ ಬೆಳಿಗ್ಗೆ ಇನ್ನೂ ಬಂದಿರಲಿಲ್ಲ.

ಗಾಡಿ 70ರ ದಶಕದ ಯೆಜ್ಡಿ 250. ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. ವಾರದ ರಜೆಗೆ ಶಿವಮೊಗ್ಗ ದಾಟಿ, ಗಾಜನೂರು ದಾಟಿ ಇದರಲ್ಲೇ ಊರಿಗೆ ಬರ್ತಿದ್ದರು. ಆಮೇಲೆ ಕಡಿಮೆ ಪೆಟ್ರೋಲ್ ಕುಡಿಯೋ ಗಾಡಿ ಬಂತು, ಇದು ಕೊಟ್ಟಿಗೆ ಸೇರಿತು. ಇಪ್ಪತ್ತು ವರ್ಷದ ಮೇಲೆ ಹಾಗೇ ನಿಂತಿತ್ತು. ಗುಜರಿಯವನು ಕೆ.ಜಿ. ಲೆಕ್ಕದಲ್ಲಿ ಕೇಳಿದ. ಅವತ್ತು ಯಾಕೋ ಹೊಟ್ಟೆ ಉರೀತು. ಸ್ಪ್ಯಾನರ್ ಹಿಡಿದೇ ಗೊತ್ತಿಲ್ಲದ ನಾನು, ನಾನೇ ರಿಪೇರಿ ಮಾಡ್ತೀನಿ ಅಂದುಬಿಟ್ಟೆ.

ಈ ಯಂತ್ರ ಎಲ್ಲಿಯದು ಅಂತ ಹುಡುಕಿಕೊಂಡು ಹೋದರೆ ಮೊದಲು ಸಿಗೋದು ಪ್ರಾಗ್. ಫ್ರಾಂಟಿಶೆಕ್ ಯಾನೆಚೆಕ್ ಅನ್ನೋ ಚೆಕ್ ಉದ್ಯಮಿ ಶಸ್ತ್ರಾಸ್ತ್ರ ತಯಾರಿಸ್ತಿದ್ದವನು. 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿನ್ಯಾಸ ಕೊಂಡ. ಅವನ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್‌ನ ಮೊದಲೆರಡು ಅಕ್ಷರ ಸೇರಿ ಜಾವಾ ಆಯ್ತು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಆ ಕಾರ್ಖಾನೆಯನ್ನ ತಮ್ಮ ಕೆಲಸಕ್ಕೆ ಹಿಡಿದುಕೊಂಡಾಗ, ಅಲ್ಲಿನ ಎಂಜಿನಿಯರುಗಳು ಗುಟ್ಟಾಗಿ ಒಂದು ಹೊಸ 250 ಸಿಸಿ ಗಾಡಿ ಮಾಡ್ತಿದ್ದರು. ಅದು 1946ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ಗೇರ್ ಲಿವರ್ ಒತ್ತಿದರೆ ಕ್ಲಚ್ ತಾನೇ ಬಿಡೋ ವ್ಯವಸ್ಥೆ ಅದರಲ್ಲೇ ಇತ್ತು. ಅಪ್ಪನ ಗಾಡಿಯ ವಂಶ ಅದೇ.

ಮೈಸೂರಿಗೆ ಹೇಗೆ ಬಂತು? 1950ರ ದಶಕದಲ್ಲಿ ಭಾರತ ಸರ್ಕಾರ ಮೋಟಾರ್‌ಸೈಕಲ್ ಆಮದಿಗೆ ಕಡಿವಾಣ ಹಾಕಿತು. ಮುಂಬೈಯಲ್ಲಿ ಜಾವಾ ತರಿಸಿ ಮಾರ್ತಿದ್ದ ಇರಾನಿ ಕುಟುಂಬಕ್ಕೆ ಇದ್ದದ್ದು ಒಂದೇ ದಾರಿ, ಇಲ್ಲೇ ತಯಾರಿಸೋದು. ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಮೈಸೂರನ್ನ ಆರಿಸಿಕೊಂಡರು. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಎದ್ದಿತು, ಜಯಚಾಮರಾಜ ಒಡೆಯರ್ ಉದ್ಘಾಟಿಸಿದರು, 1961ರಲ್ಲಿ ಗಾಡಿಗಳು ಹೊರಬಂದವು. 70ರ ದಶಕದಲ್ಲಿ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಆಯ್ತು. ಇರಾನಿನ ಯಜ್ದ್ ಪಟ್ಟಣದ ನೆನಪಿನ ಹೆಸರು ಅದು. ಚೆಕ್ ಎಂಜಿನ್, ಪಾರಸಿ ಹೆಸರು, ಮೈಸೂರಿನ ಕೈ. ನನಗೆ ಇದರಷ್ಟು ಇಷ್ಟವಾದ ಸಂಗತಿ ಈ ಕಥೆಯಲ್ಲಿ ಇನ್ನೊಂದಿಲ್ಲ.

ಈಗ ಎಂಜಿನ್ ವಿಷಯಕ್ಕೆ ಬರ್ತೀನಿ. ಕಿಕ್ಕರ್ ಒಂದಿಂಚೂ ಅಲುಗಾಡ್ತಿರಲಿಲ್ಲ. ಗೊತ್ತಿಲ್ಲದವರಿಗೆ ಹೇಳ್ತೀನಿ, ಈ ಗಾಡಿಯಲ್ಲಿ ಕಿಕ್ಕರ್ ಬೇರೆ, ಗೇರ್ ಲಿವರ್ ಬೇರೆ ಇಲ್ಲ. ಎಡಗಡೆ ಇರೋ ಒಂದೇ ಲಿವರನ್ನ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಹಾಗೇ ಬಿಟ್ಟರೆ ಗೇರ್. ಮಲೆನಾಡಿನ ತೇವಕ್ಕೆ ಪಿಸ್ಟನ್ ತುಕ್ಕು ಹಿಡಿದು ಬ್ಲಾಕಿಗೆ ಅಂಟಿಕೊಂಡಿತ್ತು. ಪ್ಲಗ್ ಬಿಚ್ಚಿ ಆ ತೂತಿಗೆ ಡೀಸೆಲ್ ಹುಯ್ದು ಒಂದು ವಾರ ಬಿಟ್ಟೆ. ಎಂಟನೇ ದಿನ ಮರದ ತುಂಡಿಟ್ಟು ಮೆಲ್ಲಗೆ ಬಡಿದಾಗ ಬಿಟ್ಟುಕೊಟ್ಟಿತು.

ಹೆಡ್ ಎತ್ತಿ, ಬ್ಲಾಕ್ ಎತ್ತಿ ನೋಡಿದಾಗ ನನಗೆ ಆಶ್ಚರ್ಯವಾದದ್ದು ಅಲ್ಲಿ ಎಷ್ಟು ಕಡಿಮೆ ಭಾಗಗಳಿವೆ ಅನ್ನೋದು. ಎರಡು ಸ್ಟ್ರೋಕಿನ ಎಂಜಿನ್, ವಾಲ್ವೇ ಇಲ್ಲ. ಬ್ಲಾಕಿನ ಗೋಡೆಯಲ್ಲಿ ಕಿಂಡಿಗಳಿವೆ, ಪಿಸ್ಟನ್ ಮೇಲೆ ಕೆಳಗೆ ಹೋಗ್ತಾ ತಾನೇ ಅವನ್ನ ತೆರೆದು ಮುಚ್ಚತ್ತೆ. ಪೆಟ್ರೋಲಿಗೇ ಆಯಿಲ್ ಬೆರೆಸಬೇಕು, ಹೊಸ ಪಿಸ್ಟನ್ ಪಳಗೋವರೆಗೆ ಲೀಟರಿಗೆ 40 ಮಿ.ಲೀ. ಅಂತ ನನಗೆ ಹೇಳಿಕೊಟ್ಟರು. ಬ್ಲಾಕನ್ನ ಶಿವಮೊಗ್ಗದ ಒಂದು ಲೇತ್ ಅಂಗಡಿಗೆ ಹೊತ್ತುಕೊಂಡು ಹೋದೆ. ಸವೆದ ಬ್ಲಾಕನ್ನ ಕೊರೆದು 0.25 ಮಿ.ಮೀ. ಮೆಟ್ಟಿಲಿನಲ್ಲಿ ದೊಡ್ಡದಾಗ್ತಾ ಹೋಗೋ ಪಿಸ್ಟನ್ ಕೂರಿಸ್ತಾರೆ. ನಮ್ಮದು ಅದಾಗಲೇ ಎರಡು ಸಲ ಬೋರ್ ಆಗಿತ್ತು. ಅಂದರೆ ಎರಡು ಸಲ ಸತ್ತು ಬದುಕಿದ ಎಂಜಿನ್.

ಜೋಡಿಸುವಾಗ ನನ್ನ ಮಹಾ ತಪ್ಪು. ಪಿಸ್ಟನ್ ಪಿನ್ನಿನ ಎರಡೂ ಕಡೆ ಪುಟ್ಟ ಸರ್ಕ್ಲಿಪ್ ಹಾಕಬೇಕು. ಹಾಕುವ ಮೊದಲು ಕೆಳಗಿನ ಬಾಯಿಗೆ ಬಟ್ಟೆ ತುರುಕಬೇಕು ಅಂತ ಯಾರೂ ಹೇಳಿರಲಿಲ್ಲ. ಟಣ್ ಅಂತ ಹಾರಿ ಕ್ರ್ಯಾಂಕಿನೊಳಗೆ ಬಿತ್ತು. ಅದನ್ನ ಹಾಗೇ ಬಿಟ್ಟು ಕಿಕ್ಕರ್ ಹೊಡೆದರೆ ಎಂಜಿನ್ ಕಥೆ ಮುಗೀತು. ಸ್ಪೀಕರಿನ ಅಯಸ್ಕಾಂತ ಕಿತ್ತು, ಅದಕ್ಕೆ ಉದ್ದದ ಮೊಳೆ ಅಂಟಿಸಿ ಮೀನು ಹಿಡಿದ ಹಾಗೆ ಎರಡು ಗಂಟೆ ಹುಡುಕಿದ್ದೇನೆ.

ಭದ್ರಾವತಿಯಲ್ಲಿ ಒಬ್ಬರು ಹಳೇ ಮೇಸ್ತ್ರಿ ಇದ್ದಾರೆ, ಅಪ್ಪನ ಕಾಲದವರು. ಗಾಡಿ ಸ್ಟಾರ್ಟ್ ಆಗ್ತಿಲ್ಲ ಅಂತ ಅವರ ಹತ್ರ ಹೋದೆ. ಮೊದಲ ಪ್ರಶ್ನೆ, "ಪೇಂಟ್ ಮಾಡ್ಸಿದೀಯೇನಪ್ಪಾ?" ಹೌದು, ಫಳಫಳ ಹೊಳೆಯೋ ಹಾಗೆ ಮಾಡ್ಸಿದ್ದೆ. ಅವರು ನಕ್ಕರು. "ಚಾಸಿಗೆ ಅಂಗಿ ತೊಡಿಸಿದೀಯ, ಅರ್ಥಿಂಗ್ ಎಲ್ಲಿಂದ ಬರ್ಬೇಕು?"

ವಿಷಯ ಏನಪ್ಪಾ ಅಂದ್ರೆ, ಇದರ ಕರೆಂಟು ಆರು ವೋಲ್ಟು. ಒಂದು ವೈರಿನಲ್ಲಿ ಹೋಗಿ ಗಾಡಿಯ ಕಬ್ಬಿಣದ ಮೂಲಕವೇ ಬ್ಯಾಟರಿಗೆ ವಾಪಸ್ ಬರಬೇಕು. ನಡುವೆ ಪೇಂಟ್ ಬಂದರೆ ದಾರಿ ಬಂದ್. ಆರು ವೋಲ್ಟಿನಲ್ಲಿ 25 ವ್ಯಾಟಿನ ಬಲ್ಬು ಉರಿಯಲು ನಾಲ್ಕು ಆಂಪಿಯರಿಗೂ ಜಾಸ್ತಿ ಹರೀಬೇಕು, ಹನ್ನೆರಡು ವೋಲ್ಟಾದರೆ ಅದರ ಅರ್ಧ ಸಾಕು. ಹಾಗಾಗಿ ಯಾವುದೋ ಗಂಟು ಸಡಿಲವಾಗಿ 0.2 ಓಮ್ ತಡೆ ಬಂದರೂ ಮುಕ್ಕಾಲು ವೋಲ್ಟು ಅಲ್ಲೇ ತಿಂದುಹೋಗತ್ತೆ. ಯೆಜ್ಡಿ ಲೈಟು ಮಿಣುಕುಹುಳ ಅಂತ ಆಡಿಕೊಳ್ಳೋರು ಬೈಯಬೇಕಾದ್ದು ಬಲ್ಬನ್ನಲ್ಲ, ಇಂಥ ಗಂಟುಗಳನ್ನ. ಬೋಲ್ಟು ಕೂರೋ ಕಡೆಯೆಲ್ಲ ಹೊಸ ಪೇಂಟ್ ಕೆರೆದೆ. ಕರುಳು ಕಿವುಚಿದ ಹಾಗಾಯ್ತು.

ಪಾಯಿಂಟ್ ಗ್ಯಾಪ್ 0.4 ಮಿ.ಮೀ. ಇಟ್ಟ ಮೇಲೆ ಕಿಡಿ ಬಂತು, ಎಂಜಿನ್ ಎದ್ದಿತು. ಆದರೆ ಬ್ಯಾಟರಿ ಚಾರ್ಜ್ ಆಗಲಿಲ್ಲ. ಬಲಗಡೆ ಕವರಿನೊಳಗೆ, ಕ್ರ್ಯಾಂಕಿನ ತುದಿಗೆ ಡೈನಮೊ ಇದೆ. ವರ್ಷಗಟ್ಟಲೆ ನಿಂತ ಡೈನಮೊದ ಕಬ್ಬಿಣದಲ್ಲಿ ಉಳಿದಿರಬೇಕಾದ ಅಲ್ಪ ಅಯಸ್ಕಾಂತ ಶಕ್ತಿ ಹೊರಟುಹೋಗಬಹುದು. ಅದಿಲ್ಲದೆ ಅದು ಕರೆಂಟ್ ಹುಟ್ಟಿಸೋದೇ ಇಲ್ಲ. ಮೇಸ್ತ್ರಿ ಕಾರ್ಬನ್ ಬ್ರಷ್ ಬದಲಿಸಿ, ಆರ್ಮೇಚರಿನ ತಾಮ್ರ ಉಜ್ಜಿ, ಬ್ಯಾಟರಿಯ ವೈರನ್ನ ಫೀಲ್ಡ್ ಕಾಯಿಲಿಗೆ ಒಂದು ಕ್ಷಣ ಮುಟ್ಟಿಸಿದರು. "ಮರೆತುಹೋಗಿತ್ತು, ನೆನಪು ಮಾಡಿದೆ" ಅಂದರು, ಅಷ್ಟೇ.

ಕೆಲಸ ಮುಗಿಸಿ ಅವರೇ ಸಲಹೆ ಕೊಟ್ಟರು, ಇದನ್ನೆಲ್ಲ ಕಿತ್ತು ಹನ್ನೆರಡು ವೋಲ್ಟಿನ ಸಿಡಿಐ ಕಿಟ್ ಹಾಕು. ಅಪ್ಪನೂ ಅದೇ ಅಂದರು. "ಓಡಿದ್ರೆ ಸಾಕಲ್ವೇನೋ? ಆ ಲೈಟಲ್ಲಿ ನಾನೆಷ್ಟು ಒದ್ದಾಡಿದೀನಿ ನಿನಗೇನ್ ಗೊತ್ತು." ಗಾಡಿಯನ್ನ ಬದುಕಿಗೆ ಬಳಸಿದವರಿಗೆ ಹಳೇದರ ಮೇಲೆ ಇಂಥ ಮೋಹ ಇರಲ್ಲ, ಅದು ನಮ್ಮಂಥ ರಜಾದಿನದವರ ಕಾಯಿಲೆ. ಅವರು ಹೇಳೋದು ಸರೀನೇ. ಆದರೂ ನಾನು ಆರು ವೋಲ್ಟೇ ಉಳಿಸಿಕೊಂಡೆ.

ಯಾಕಂದ್ರೆ ಕಾರ್ಖಾನೆ ಉಳಿದಿಲ್ಲ. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು, ನಾಲ್ಕು ಸ್ಟ್ರೋಕಿನದ್ದು, ಮೈಲೇಜಿನಲ್ಲಿ ಯೆಜ್ಡಿ ಅದರ ಹತ್ರಕ್ಕೂ ಹೋಗಲಾರದು. 90ರ ದಶಕದಲ್ಲಿ ಹೊಗೆಯ ನಿಯಮ ಬಿಗಿಯಾದವು. ಎಣ್ಣೆ ಸುಡೋ ಎಂಜಿನ್ನಿಗೆ ಉಳಿಗಾಲ ಇರಲಿಲ್ಲ. ಕಾರ್ಮಿಕ ತಕರಾರುಗಳೂ ಸೇರಿದವು. 1996ರಲ್ಲಿ ಯಾದವಗಿರಿಯ ಗೇಟು ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಮಾರುಕಟ್ಟೆಗೆ ಬಂದಿವೆ. ಅವು ಚೆನ್ನಾಗಿರೋ ಗಾಡಿಗಳೇ, ಆದರೆ ಮೈಸೂರಿನವಲ್ಲ. ಭದ್ರಾವತಿಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಎಂಪಿಎಂ ಕಾಗದ ನಿಂತಿದೆ, 1923ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆಯ ಉಸಿರೂ ಹಾಗೆ ಹೀಗೆ ಅಂತ ಇದೆ.

ಹೊಸ ವೈರಿಂಗ್ ಹಾಕುವಾಗ ಅಪ್ಪನ ಕೆಂಪು ವೈರನ್ನ ಬಿಸಾಡೋಕೆ ಮನಸ್ಸು ಬರಲಿಲ್ಲ. ಹೆಡ್‌ಲೈಟಿನಿಂದ ತೆಗೆದು ಬ್ರೇಕ್ ಲೈಟಿಗೆ ಹಾಕಿದ್ದೀನಿ. ಗಂಟು ಬಿಚ್ಚಿ, ಸರಿಯಾಗಿ ಬೆಸುಗೆ ಹಾಕಿ.

ಬೆಳಿಗ್ಗೆ ಬಿಡಾರದ ಆನೆಗಳು ಹೊಳೆಗೆ ಬರೋ ಹೊತ್ತು. ಅವಕ್ಕೆ ಗಾಬರಿಯಾಗಬಾರದು ಅಂತ ಗಾಡಿಯನ್ನ ರಸ್ತೆವರೆಗೂ ತಳ್ಳಿಕೊಂಡು ಹೋಗಿ, ಅಪ್ಪನ ಕೈಗೇ ಕೊಟ್ಟೆ. ಬೀಗ ಒತ್ತಿದರೆ ಕೆಂಪು ದೀಪ ಹತ್ತತ್ತೆ, ಎಂಜಿನ್ ಏರಿದಾಗ ಡೈನಮೊ ಕೆಲಸ ಮಾಡ್ತಿದ್ದರೆ ಆರತ್ತೆ. ಎರಡನೇ ಕಿಕ್ಕಿಗೆ ಎದ್ದಿತು, ಎರಡೂ ಸೈಲೆನ್ಸರಿನಿಂದ ಬಿಳಿ ಹೊಗೆ. ಅಪ್ಪ ಆಕ್ಸಿಲರೇಟರ್ ತಿರುಗಿಸಿ ನನ್ನ ಮುಖ ನೋಡಲಿಲ್ಲ, ಆ ದೀಪವನ್ನೇ ನೋಡ್ತಿದ್ದರು. ಆರಿತು. "ರಾತ್ರಿ ಮಾತ್ರ ತಗೊಂಡು ಹೋಗ್ಬೇಡ" ಅಂದು ಗೇರ್ ಹಾಕಿ ಗಾಜನೂರು ಕಡೆ ಹೊರಟೇಬಿಟ್ಟರು.